ರೈಲಿಲ್ಲದ ರೈಲು ಕೋಣೆ

೧

ರೈಲಿನ ಕತೆಯನ್ನು ಯಾವ ತುದಿಯಿಂದ ಹಿಡಿಯುವುದು? ಎಂಜಿನ್ನಿನ ಕಡೆಯಿಂದಲೋ, ಗಾರ್ಡಿನ ಡಬ್ಬಿಯ ಕಡೆಯಿಂದಲೋ? ನಾನು ಮೊದಲು ಎಂಜಿನ್ನನ್ನೇ ಹಿಡಿದೆ. "ಕೂ ಎಂದು ಕೂಗುತ್ತಾ ಪುಟ್ಟ ರೈಲು ಸುರಂಗದಿಂದ ಹೊರಗೆ ಬಂತು" ಎಂದು ಬರೆದು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಚಹಾ ಕುಡಿದು ಬಂದು ನೋಡಿದರೆ ಒಂದು ಸಣ್ಣ ತೊಡಕು. ಈ ಕತೆ ನಡೆಯುವ ಮನೆಯಲ್ಲಿ ರೈಲೇ ಇಲ್ಲ. ಸುರಂಗವಿಲ್ಲ, ಹಳಿಯಿಲ್ಲ, ಕೂಗುವುದಕ್ಕೆ ಏನೂ ಇಲ್ಲ. ಇರುವುದು ರೈಲಿಗೆಂದು ಮೀಸಲಿಟ್ಟ ಒಂದು ಕೋಣೆ ಮತ್ತು ಅದರ ಬೀಗದಕೈ ಇಟ್ಟುಕೊಂಡ ಒಬ್ಬ ಮಹಾನುಭಾವ. ಹಾಗಾಗಿ ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಚೆನ್ನಾಗಿತ್ತು, ಆದರೆ ಸುಳ್ಳು. ಸುಳ್ಳು ಹೇಳುವ ಕೆಲಸ ಈ ಕತೆಯಲ್ಲಿ ಬೇರೆಯವರ ಪಾಲಿಗೆ ಬಂದಿದೆ.

೧, ಇನ್ನೊಂದು ಸಲ

ಮಹಾನುಭಾವರ ಕಸುಬು ಕನ್ನಡಕದಂಗಡಿ. ಬೆಳಗ್ಗಿನಿಂದ ಸಂಜೆಯವರೆಗೆ ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ ತೆಗೆದು, ಇನ್ನೊಂದು ಹಾಕಿ ತೆಗೆದು, ಇದು ಚೆನ್ನಾಗಿ ಕಾಣುತ್ತೋ, ಇದೋ ಎಂದು ಕೇಳುವುದು. ಈ ಪ್ರಶ್ನೆ ಕೇಳಿ ಕೇಳಿ, ತಮಗೆ ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಹೇಳುವ ಶಕ್ತಿಯೇ ಹೊರಟುಹೋಗಿದೆ. ಹೋಟೆಲಿಗೆ ಹೋದರೆ ಇವರು ಮೆನು ಓದಿ ಮುಗಿಸುವ ಹೊತ್ತಿಗೆ ಹೆಂಡತಿ ಊಟ ಮುಗಿಸಿ ಕೈ ತೊಳೆದಿರುತ್ತಾಳೆ.

ಆದರೆ ಅಂಗಡಿ ಮುಚ್ಚಿ ಬಂದು ಕಂಪ್ಯೂಟರ್ ಮುಂದೆ ಕೂತರೆ ಮನುಷ್ಯನೇ ಬೇರೆ. ಆಟದ ರೈಲಿನ ಹುಚ್ಚಿರುವವರೆಲ್ಲ ಸೇರುವ ಒಂದು ಆನ್‌ಲೈನ್ ಫೋರಂ ಇದೆ. ಅದರಲ್ಲಿ "ಹೊಸಬರ ಜಗಲಿ" ಎಂದೊಂದು ಪುಟ. ಹೊಸದಾಗಿ ರೈಲು ಕೊಂಡವರು ಅಲ್ಲಿಗೆ ಬಂದು ಅಂಜುತ್ತಾ ಅಳುಕುತ್ತಾ ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡುವವರು ನಮ್ಮ ಮಹಾನುಭಾವರು. ಅಲ್ಲಿ ಎಲ್ಲರೂ ಅವರನ್ನು ಗುರುಗಳು ಎನ್ನುತ್ತಾರೆ. ನಾವೂ ಹಾಗೇ ಕರೆಯೋಣ, ಕರೆದರೆ ನಮ್ಮ ಗಂಟೇನು ಹೋಗುತ್ತದೆ.

(ಗುರುಗಳು ಇಲ್ಲೇ ತಕರಾರು ತೆಗೆದರು. "ಆಟದ ರೈಲು" ಅನ್ನಬಾರದಂತೆ, "ಮಾಡೆಲ್ ರೈಲ್ವೆ" ಅನ್ನಬೇಕಂತೆ. ಮಕ್ಕಳದು ಆಟ, ತಮ್ಮದು ವಿದ್ಯೆಯಂತೆ. ನಾನು ತಲೆಯಾಡಿಸಿದೆ. ಆದರೆ ನಿಮ್ಮ ಹತ್ತಿರ ಹೇಳುವುದಕ್ಕೇನು, ಆಟದ ರೈಲು ಅಂತಲೇ ಬರೆಯುತ್ತೇನೆ. ಮಗು ಕೀಲಿ ಕೊಟ್ಟರೆ ಅದರ ರೈಲು ಗೋಡೆಗೆ ಗುದ್ದುವವರೆಗಾದರೂ ಓಡುತ್ತದೆ.)

೨

ಈಗ ನಿಮಗೇ ಈ ಹುಚ್ಚು ಹಿಡಿಯಿತು ಎಂದು ಇಟ್ಟುಕೊಳ್ಳಿ. ಹೆದರಬೇಡಿ, ಹೊಸಬರ ನೆರವಿಗೆ ಬರಗಾಲವಿಲ್ಲ. ಮೊದಲು ಒಂದು ಪುಸ್ತಕ ತರುತ್ತೀರಿ. ತಾಳ್ಮೆಯೊಂದಿದ್ದರೆ ಸಾಕು ಎನ್ನುತ್ತದೆ ಮೊದಲ ಪುಟ. ತಾಳ್ಮೆಯ ಜೊತೆಗೆ ಇನ್ನೇನೇನು ಕೊಳ್ಳಬೇಕು ಎನ್ನುವುದು ಉಳಿದ ಪುಟಗಳು. ಅದು ತಲೆಗೆ ಹತ್ತದೆ ವಿಡಿಯೋ ಹಾಕುತ್ತೀರಿ. ಅದರಲ್ಲೊಬ್ಬ ಹಾಯ್ ಫ್ರೆಂಡ್ಸ್ ಎಂದು ಶುರುಮಾಡಿ, ತನ್ನ ಬೆಕ್ಕನ್ನು ತೋರಿಸಿ, ಸ್ಕ್ರೂಡ್ರೈವರುಗಳನ್ನು ಉದ್ದದ ಪ್ರಕಾರ ಸಾಲಾಗಿ ತೋರಿಸಿ, ಹಳಿಯ ಡಬ್ಬಿಗೆ ಕೈ ಹಾಕುವ ಹೊತ್ತಿಗೆ ಉಳಿದದ್ದು ಮುಂದಿನ ವಾರ ಎನ್ನುತ್ತಾನೆ. ಅಂಗಡಿಗೆ ಹೋದರೆ ಅಂಗಡಿಯವನು "ಯಾವ ಸ್ಕೇಲು?" ಎನ್ನುತ್ತಾನೆ. ನಿಜವಾದ ರೈಲಿಗಿಂತ ಈ ರೈಲು ಎಷ್ಟು ಪಾಲು ಚಿಕ್ಕದು ಎನ್ನುವುದರ ಲೆಕ್ಕ ಅದು. ನಿಮಗೆ ಗೊತ್ತಿಲ್ಲ ಎಂದು ಗೊತ್ತಾದ ತಕ್ಷಣ ಅವನಿಗೆ ಕಪಾಟಿನ ಧೂಳು ಒರೆಸುವುದು ನೆನಪಾಗುತ್ತದೆ. ಕ್ಲಬ್ಬಿಗೆ ಹೋದರೆ ಬಾಗಿಲ ಮೇಲೆ "ಹೊಸಬರಿಗೆ ಸ್ವಾಗತ" ಎಂದು ಬೋರ್ಡು. ಒಳಗೆ ಹೆಜ್ಜೆಗೊಂದು "ಮುಟ್ಟಬೇಡಿ" ಬೋರ್ಡು. ನಿಮ್ಮನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ, ಮುಂದಿನ ಬೆಂಚಿನವರು ತಮ್ಮೊಳಗೆ ಚಕ್ರದ ಅಂಚಿನ ದಪ್ಪದ ಬಗ್ಗೆ ಜಗಳವಾಡುತ್ತಾರೆ. ಚಹಾ ಮಾತ್ರ ಚೆನ್ನಾಗಿರುತ್ತದೆ.

ಎಲ್ಲ ಕಡೆ ಮುಖಭಂಗ ಮಾಡಿಸಿಕೊಂಡು ಕೊನೆಗೆ ಜಗಲಿಗೆ ಬರುತ್ತೀರಿ. ಅಲ್ಲಿ ಗುರುಗಳು ಕಾದು ಕೂತಿರುತ್ತಾರೆ. ಅವರು ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ, ಇಷ್ಟನ್ನು ಒಪ್ಪಿಕೊಳ್ಳಬೇಕು. ಹಳಿಯ ಕೆಳಗೆ ಸದ್ದು ತಗ್ಗಿಸುವ ಕಾರ್ಕು ಹಾಸಬೇಕೋ ಬೇಡವೋ ಎಂದು ನೀವು ಒಂದು ಸಾಲು ಕೇಳಿದರೆ ಗುರುಗಳು ಒಂದು ಪುರಾಣ ಬರೆಯುತ್ತಾರೆ. ಹೊಸಬರ ಆತುರವನ್ನು ಖಂಡಿಸುತ್ತಾರೆ, ಅಜ್ಞಾನವನ್ನು ಮೆಲ್ಲಗೆ ಚಿವುಟುತ್ತಾರೆ. ಕೊನೆಗೆ ತಾರಕಮಂತ್ರ: "ಸಣ್ಣ ಸುತ್ತಿನಿಂದ ಶುರುಮಾಡಿ. ಮಾಡಿ ಕಲಿಯಿರಿ."

ಸ್ವತಃ ಗುರುಗಳು ಸಣ್ಣ ಸುತ್ತನ್ನೂ ಹಾಕಿದವರಲ್ಲ, ದೊಡ್ಡ ಸುತ್ತನ್ನೂ ಹಾಕಿದವರಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುವ ಗಾದೆ ಕೂಡ ಇವರಿಗೆ ಪೂರ್ತಿ ಒಪ್ಪುವುದಿಲ್ಲ. ಇವರು ಬದನೆಕಾಯಿಯನ್ನೂ ತಿಂದವರಲ್ಲ.

೩

ಕೋಣೆಯನ್ನು ನೋಡಿಕೊಂಡು ಬರೋಣ. ಚಪ್ಪಲಿ ಹೊರಗೆ ಬಿಡಿ, ಗುರುಗಳ ಅಪ್ಪಣೆ. ಮನೆಯಲ್ಲಿರುವ ಎರಡು ಮಲಗುವ ಕೋಣೆಗಳಲ್ಲಿ ಇದೇ ದೊಡ್ಡದು, ಬಾತ್‌ರೂಮು ಅಂಟಿಕೊಂಡಿರುವುದೂ ಇದಕ್ಕೇ. ಲೇಔಟ್ ಕಟ್ಟುವುದಕ್ಕೆ, ಅಂದರೆ ಹಲಗೆಯ ಮೇಲೆ ಹಳಿ, ನಿಲ್ದಾಣ, ಗುಡ್ಡ, ಸೇತುವೆ ಎಲ್ಲ ಕೂಡಿಸಿ ಒಂದು ಪುಟ್ಟ ಪ್ರಪಂಚ ನಿಲ್ಲಿಸುವುದಕ್ಕೆ, ಇಂಥ ಕೋಣೆಯೇ ಬೇಕು ಎಂದು ಗುರುಗಳು ಈ ಮನೆಗೆ ಬಂದ ವರ್ಷವೇ ಬೀಗ ಹಾಕಿದರು. ಮೊದಲು ನೆಲ ಸಮವಿಲ್ಲ ಎಂದರು. (ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.) ನೆಲ ಸರಿಮಾಡಿಸಿದ ಮೇಲೆ ಧೂಳು ಎಂದರು, ಕಿಟಕಿಗೆ ರಬ್ಬರು ಪಟ್ಟಿ ಬಂತು. ಆಮೇಲೆ ಆಕಾಶ. ಗುಡ್ಡ ಮರ ಎಲ್ಲ ಕಟ್ಟಿದ ಮೇಲೆ ಹಿಂದಿನ ಗೋಡೆಗೆ ಕೈ ಎಟುಕುವುದಿಲ್ಲ, ಆದ್ದರಿಂದ ಆಕಾಶವನ್ನು ಮೊದಲೇ ಬಳಿಸಿಬಿಡಬೇಕು ಎನ್ನುವುದು ಈ ಹವ್ಯಾಸದಲ್ಲಿ ಬಲ್ಲವರ ಮಾತು. ಗುರುಗಳು ಪೇಂಟರನ್ನು ಕರೆಸಿ ಮೂರು ಗೋಡೆಗೂ ತಿಳಿನೀಲಿ ಬಳಿಸಿ ಬಿಳಿ ಮೋಡ ಬಿಡಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ. ಆಕಾಶ ಬಂದು ವರ್ಷಗಳಾದವು, ಕೆಳಗೆ ಭೂಮಿ ಇನ್ನೂ ಹುಟ್ಟಿಲ್ಲ.

ಯಾಕೆ ಹುಟ್ಟಲಿಲ್ಲ ಎನ್ನುವುದು ಗುರುಗಳಿಗೆ ಗೊತ್ತು. ಹಳಿ ಹಾಕಿದ ದಿನ ಮೊದಲ ರೈಲು ಓಡಿಸಬೇಕು. ಮೊದಲ ರೈಲು ಯಾರದ್ದಾದರೂ ಮಗುಚುತ್ತದೆ, ಇದನ್ನು ಅವರೇ ಸಾವಿರ ಸಲ ಬರೆದಿದ್ದಾರೆ. ಅಲ್ಲಿಗೆ ಅವರೂ ಒಬ್ಬ ಹೊಸಬ. ಜಗಲಿಯ ಮೇಲಿನ ಗುರುಪೀಠ ಬಿಟ್ಟು ಕೆಳಗೆ ಬಂದು ಕೂರಬೇಕು. ಅದನ್ನು ನೆನೆದರೆ ಅವರ ಅಂಗೈ ಬೆವರುತ್ತದೆ. ಬೆವರಿದಾಗಲೆಲ್ಲ ಅವರು ಇನ್ನೊಬ್ಬ ಹೊಸಬನಿಗೆ ಉದ್ದ ಉತ್ತರ ಬರೆಯುತ್ತಾರೆ.

ಬಾಗಿಲಿನ ಹೊರಗೆ ಹಾಲು, ಅಂದರೆ ನಡುಮನೆ. ಹಾಲಿನ ಒಂದು ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನು, ಅವಳು ಅಂಗಡಿಗಳಿಗೂ ಹೋಟೆಲುಗಳಿಗೂ ಕಿಟಕಿ ಪರದೆ ಹೊಲಿದು ಕೊಡುತ್ತಾಳೆ. ಇನ್ನೊಂದು ಮೂಲೆಗೆ ಅಡ್ಡಲಾಗಿ ಅವಳೇ ಹೊಲಿದ ಒಂದು ಪರದೆ. ಅದರ ಹಿಂದೆ ಮಡಿಚುವ ಮಂಚ. ಮಂಚದ ಮೇಲೆ ಅವಳ ಅಮ್ಮ, ಅಂದರೆ ಗುರುಗಳ ಅತ್ತೆ. ಗಂಡ ಹೋದ ಮೇಲೆ ಮಗಳ ಮನೆ ಸೇರಿದವರು. ಅತ್ತೆ ಸೀರೆ ಬದಲಾಯಿಸಬೇಕೆಂದರೆ ಮನೆಯವರೆಲ್ಲ ಗೋಡೆ ನೋಡಬೇಕು. ಗುರುಗಳನ್ನು ನೋಡಲು ಯಾರಾದರೂ ಬಂದರೆ ಅತ್ತೆ ಪರದೆಯ ಹಿಂದೆ ಕೆಮ್ಮನ್ನೂ ತಡೆದುಕೊಂಡು ಕೂರುತ್ತಾರೆ. ಎದುರಿಗೆ ಬೀಗ ಹಾಕಿದ ಬಾಗಿಲು, ಅದರ ಹಿಂದೆ ಮೋಡ. ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುವ ಮಾತನ್ನು ನಾನು ಇಲ್ಲಿ ಬಳಸುವುದಿಲ್ಲ, ಅತ್ತೆಯೇ ಒಂದು ದಿನ ಬಳಸಿದರು. ಅಳಿಯಂದಿರಿಗೆ ಕೇಳಿಸಲಿಲ್ಲ, ಟೈಪು ಮಾಡುತ್ತಿದ್ದರು.

೪ (ಕೈಬಿಟ್ಟ ಕರಡು)

"ಆ ಮುಂಜಾನೆ ಗಡಿಯಾರದ ಟಿಕ್ ಟಿಕ್ ಸದ್ದಿನ ನಡುವೆ, ವಿಧಿಯ ಕ್ರೂರ..."

"ಏನ್ರೀ ಇದು," ಎಂದಳು ಗುರುಗಳ ಹೆಂಡತಿ ನನಗೆ. ಮೆಷಿನ್ನು ನಿಲ್ಲಿಸಲಿಲ್ಲ. "ನಮ್ಮಮ್ಮ ಬಿದ್ದಿದ್ದನ್ನ ಇಷ್ಟು ಶೋಕಿ ಮಾಡಿ ಬರೀಬೇಡಿ. ಬಿದ್ದಳು, ಅಷ್ಟೆ."

ನೀವು ಒಂದು ಗಳಿಗೆ ಅತ್ತರೆ ಓದುಗರಿಗೆ ಹಿಡಿಸುತ್ತದೆ ಎಂದು ನಾನು ಸಲಹೆ ಕೊಟ್ಟೆ. ಹೋಟೆಲಿನ ಪರದೆ ನಾಳೆ ಕೊಡಬೇಕು, ಅಳುವುದಕ್ಕೆ ಪುರುಸೊತ್ತಿಲ್ಲ, ಬೇಕಾದರೆ ನೀವೇ ಅಳಿ ಎಂದಳು. ನನ್ನ ಪಾತ್ರಗಳು ನನ್ನ ಮಾತು ಕೇಳುವುದಿಲ್ಲ ಎಂದು ದೊಡ್ಡ ಲೇಖಕರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನಗಂತೂ ಅವಮಾನವೇ ಆಯಿತು.

೪

ಬಿದ್ದರು. ಬೆಳಗಿನ ಜಾವ ಬಾತ್‌ರೂಮಿಗೆಂದು ಎದ್ದು, ಹಾಲು ದಾಟಿ, ಊಟದ ಮೇಜು ಬಳಸಿ, ಅಡುಗೆಮನೆಯ ಪಕ್ಕದ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಬಿದ್ದದ್ದು ರೈಲು ಕೋಣೆಯ ಬಾಗಿಲ ಎದುರಿಗೇ. ಇದನ್ನು ನಾನು ಕತೆಯ ಅನುಕೂಲಕ್ಕೆ ಕಟ್ಟಿದ್ದಲ್ಲ, ಆ ಮನೆಯಲ್ಲಿ ಎಲ್ಲಿ ಬಿದ್ದರೂ ಆ ಬಾಗಿಲ ಎದುರಿಗೇ ಬೀಳಬೇಕು.

ಆಪರೇಷನ್ನಾಯಿತು. ಭಾನುವಾರ ಮನೆಗೆ ಕಳಿಸುತ್ತೇವೆ ಎಂದರು ಡಾಕ್ಟರು. ಎತ್ತರದ ಮಂಚ ಬೇಕು, ಬಾತ್‌ರೂಮು ನಾಲ್ಕು ಹೆಜ್ಜೆಯೊಳಗಿರಬೇಕು, ಇನ್ನೊಂದು ಸಲ ಬಿದ್ದರೆ ಮಾತ್ರ ನಮ್ಮ ಹತ್ತಿರ ಕರೆದುಕೊಂಡು ಬರಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿದರು.

ಅದೇ ದಿನ ಗುರುಗಳಿಗೆ ಜಗಲಿಯಿಂದ ಒಂದು ಸಂದೇಶ ಬಂತು. ಕಳಿಸಿದವನು ಪಕ್ಕದ ಊರಿನ ಬೇಕರಿಯವನು. ಗುರುಗಳ ಪರಮಶಿಷ್ಯ. ಗುರುಗಳು ಹೇಳಿದ್ದನ್ನೆಲ್ಲ ಅಕ್ಷರಶಃ ಮಾಡುವ ಏಕೈಕ ಪ್ರಾಣಿ. ರೈಲು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಕೈಯಲ್ಲಿ ಎತ್ತಿ ತಿರುಗಿಸದೆ ತಾನಾಗಿಯೇ ವಾಪಸು ಬರಬೇಕು ಎಂದು ಕೇಳಿದ್ದ. ತುದಿಯಲ್ಲಿ ಕುಣಿಕೆಯ ಹಾಗೆ ಹಳಿಯನ್ನು ಬಳಸಿ ತಂದು ಮತ್ತೆ ಅದೇ ಹಳಿಗೆ ಸೇರಿಸು ಎಂದು ಗುರುಗಳು ಉಪದೇಶಿಸಿದ್ದರು. ಕಾವ್ಯದ ಹಾಗಿತ್ತು ಆ ಉತ್ತರ. ಒಂದೇ ಒಂದು ವಿಷಯ ಬಿಟ್ಟುಹೋಗಿತ್ತು. ಈ ರೈಲಿನಲ್ಲಿ ಕರೆಂಟು ಒಂದು ಕಂಬಿಯಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಕುಣಿಕೆ ಹಾಕಿದರೆ ಎಡಗಂಬಿ ಸುತ್ತಿಕೊಂಡು ಬಂದು ಬಲಗಂಬಿಗೇ ತಾಗಿ ಶಾರ್ಟಾಗುತ್ತದೆ. ಕಂಬಿಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸಿ ನಡುವೆ ಪ್ಲಾಸ್ಟಿಕ್ಕಿನ ತುಂಡು ಕೂರಿಸಬೇಕು. ಹೊಸಬರ ಯಾವ ಪುಸ್ತಕ ತೆಗೆದರೂ ಇದು ದಪ್ಪಕ್ಷರದಲ್ಲಿದೆ. ಒಂದೇ ಒಂದು ಸಲ ಕುಣಿಕೆ ಹಾಕಿದವನು ಇದನ್ನು ಮರೆಯಲಾರ. ಓದಿ ಕಲಿತವನು ಮಾತ್ರ ಮರೆಯಬಲ್ಲ.

ಬೇಕರಿಯವನು ಬರೆದಿದ್ದ: ಗುರುಗಳೇ, ಸ್ವಿಚ್ಚು ಹಾಕಿದರೆ ಟಿಕ್ ಎಂದು ಎಲ್ಲ ನಿಲ್ಲುತ್ತದೆ, ನನ್ನ ಕೈಯಲ್ಲೇ ಏನೋ ತಪ್ಪಾಗಿದೆ. ಭಾನುವಾರ ಮಧ್ಯಾಹ್ನ ಬ್ರೆಡ್ಡಿನ ವ್ಯಾನಿನಲ್ಲಿ ಹಲಗೆ ಹಾಕಿಕೊಂಡು ನಿಮ್ಮ ಮನೆಗೇ ಬರುತ್ತೇನೆ, ಕನ್ನಡಕದಂಗಡಿಯಲ್ಲಿ ವಿಳಾಸ ಕೇಳಿಕೊಂಡಿದ್ದೇನೆ. ನಿಮ್ಮ ಲೇಔಟನ್ನು ಕಣ್ಣಾರೆ ಕಂಡಂತೆಯೂ ಆಗುತ್ತದೆ.

ಗುರುಗಳು ಅದನ್ನು ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು. ಆ ರಾತ್ರಿ ಊಟ ಬಿಟ್ಟರು. ಅತ್ತೆಯ ಸೊಂಟ ಮುರಿದಾಗ ಬಿಟ್ಟಿರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆಗಲೂ ಬಿಟ್ಟಿದ್ದೆ, ಇಷ್ಟು ಪೂರ್ತಿಯಾಗಿ ಅಲ್ಲ ಎಂದರು.

೫

ಹೆಂಡತಿ ಶನಿವಾರ ಬೀಗದಕೈ ಕೇಳಿದಳು. ಗುರುಗಳು ಸಮಜಾಯಿಷಿ ಶುರುಮಾಡಿದರು. ಯೋಜನೆ ಕೊನೆಯ ಹಂತದಲ್ಲಿದೆ, ಈಗ ಕೋಣೆಗೆ ಮಂಚ ಬಂದರೆ ಧೂಳು ಬರುತ್ತದೆ, ತೇವ ಬರುತ್ತದೆ, ಹಾಲಿನಲ್ಲೇ ಒಂದು ಎತ್ತರದ ಮಂಚ ಹಾಕಿಸಿದರಾಯಿತು, ಬಾತ್‌ರೂಮಿನ ದಾರಿಗೆ ರಬ್ಬರು ಚಾಪೆ ಹಾಸಿದರಾಯಿತು, ಅದೂ ಇದೂ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಅವಳು ಯಾವತ್ತೂ ಪೂರ್ತಿ ಕೇಳಿಸಿಕೊಳ್ಳುತ್ತಾಳೆ, ಅದೇ ಅವಳ ಹತ್ತಿರ ಇರುವ ಭಯಂಕರ ಗುಣ.

"ಅಮ್ಮ ಆ ಬಾಗ್ಲು ನೋಡ್ಕೊಂಡೇ ಇಷ್ಟು ವರ್ಷ ಮಲಗಿದಾಳೆ," ಎಂದಳು. "ಇನ್ನು ಒಳಗೆ ಮಲಗ್ತಾಳೆ. ನಿಮ್ಮ ರೈಲು ಬಂದ್ರೆ ಹೊರಗೆ ಕಾಯ್ಲಿ."

ಗುರುಗಳು ಬೀಗದಕೈ ಕೊಟ್ಟರು. ಮನಸ್ಸು ಕರಗಿ ಕೊಟ್ಟರು ಎಂದು ಬರೆಯಲು ನನ್ನ ಪೆನ್ನು ಹೋಗಿತ್ತು, ಕೈ ಹಿಡಿದು ನಿಲ್ಲಿಸಿದೆ. ಬೀಗದಕೈ ಕೊಡುವ ಆ ಗಳಿಗೆಯಲ್ಲಿ ಅವರಿಗೆ ಒಂದು ಉಪಾಯ ಹೊಳೆಯಿತು. ಅದಕ್ಕೇ ಕೊಟ್ಟರು. ಹೊಳೆದ ಉಪಾಯ ಆರುವ ಮುಂಚೆ ಕಂಪ್ಯೂಟರ್ ಮುಂದೆ ಕೂತು ಜಗಲಿಯ ಮೇಲೆ ಬರೆದರು:

"ಮಿತ್ರರೇ, ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ನನ್ನ ಲೇಔಟನ್ನು ಇಂದು ನನ್ನ ಕೈಯಾರೆ ಕಳಚಿದೆ. ಅತ್ತೆಯವರಿಗೆ ಆ ಕೋಣೆ ಬೇಕಾಗಿದೆ. ಹಳಿ ಮತ್ತೆ ಹಾಕಬಹುದು, ಹಿರಿಯರನ್ನು ಮತ್ತೆ ತರಲಾಗದು. ಇನ್ನು ಆ ಕೋಣೆಯಲ್ಲಿ ರೈಲು ಓಡುವುದಿಲ್ಲ. ಯಾರೂ ಸಮಾಧಾನ ಹೇಳಬೇಡಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಸಮಾಧಾನ ಹೇಳಬೇಡಿ ಎಂದವರಿಗೆ ಸಮಾಧಾನದ ಮಳೆಯೇ ಸುರಿಯಿತು. ಕೈಮುಗಿದ ಚಿತ್ರಗಳು, ಕಣ್ಣೀರಿನ ಚಿತ್ರಗಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಗುರುಗಳ ಲೇಔಟಿನ ಎರಡಂತಸ್ತಿನ ಸೇತುವೆಯ ಫೋಟೋವನ್ನು ತಾನು ಎಂದೋ ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ ಎಂದು ಒಬ್ಬ ಬರೆದ. ಸೇತುವೆಯಲ್ಲ, ಅದರ ಕೆಳಗಿನ ಹೊಳೆಯೇ ಅದ್ಭುತ ಎಂದು ಇನ್ನೊಬ್ಬ ತಿದ್ದಿದ. ಗುರುಗಳು ಓದುತ್ತಾ ಹೋದ ಹಾಗೆ ಅವರಿಗೂ ಹೊಳೆಯ ಸದ್ದು ಕೇಳಿಸಿದ ಹಾಗಾಯಿತು. ಕಳೆದುಕೊಂಡ ದುಃಖಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಲ್ಲದ್ದನ್ನು ಕಳೆದುಕೊಂಡು ಅಳುವ ಈ ಯೋಗ ಎಲ್ಲರಿಗೂ ಸಿಗುವಂಥದ್ದಲ್ಲ.

೬

ಭಾನುವಾರ ಬೆಳಗ್ಗೆ ಅತ್ತೆ ಬಂದರು. ಎತ್ತರದ ಮಂಚದ ಮೇಲೆ ಮಲಗಿಸಿದರು. ನಾಲ್ಕೂ ಗೋಡೆ ಮತ್ತು ಒಂದು ಬಾಗಿಲು ತನ್ನವು ಎನ್ನುವುದು ಅವರಿಗೆ ಇನ್ನೂ ಅಂದಾಜಾಗಿರಲಿಲ್ಲ, ಸೆರಗು ಸರಿಮಾಡಿಕೊಳ್ಳುವಾಗಲೂ ಹಳೆಯ ಅಭ್ಯಾಸಕ್ಕೆ ಗೋಡೆಯ ಕಡೆಗೆ ತಿರುಗುತ್ತಿದ್ದರು. ಮೋಡ ನೋಡಿ, ಇಷ್ಟು ದಿನ ಒಳಗೆ ಇದನ್ನಾ ಮುಚ್ಚಿಟ್ಟಿದ್ದು ಎಂದು ಮಗಳನ್ನು ಕೇಳಿದರು. ಮಗಳು ಹೌದು ಎಂದಳು.

ಮಧ್ಯಾಹ್ನ ಬೇಕರಿಯವನು ಬಂದ. ದಪ್ಪ ಮನುಷ್ಯ, ಹುಬ್ಬ ಮೇಲೆಲ್ಲ ಮೈದಾ. ಮೈದಾಚೀಲದ ಬಟ್ಟೆ ಸುತ್ತಿದ ಹಲಗೆಯನ್ನು ಹೊಸ್ತಿಲಲ್ಲೇ ಇಳಿಸಿ, ಬಾಗಿಲು ತೆಗೆದ ಹೆಂಡತಿಗೆ ಕೈಮುಗಿದ. ಗುರುಗಳು ಬರೆದದ್ದನ್ನು ಬಾಯಿಪಾಠ ಒಪ್ಪಿಸಿದ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದ. ತೆರೆದ ಬಾಗಿಲಿನಿಂದ ಕೋಣೆಯ ಆಕಾಶ ಕಂಡಿತು. "ಅಯ್ಯೋ, ಹಿನ್ನೆಲೆ ಇನ್ನೂ ಹಾಗೇ ಇದೆ," ಎಂದು ಕಣ್ಣೊರೆಸಿಕೊಂಡ. ಮೈದಾ ಕಣ್ಣಿಗೆ ಹೋಯಿತು.

ಹೆಂಡತಿಗೆ ಜಗಲಿಯ ಕತೆ ಗೊತ್ತಾದದ್ದು ಹೀಗೆ. ಅವಳು ತಿರುಗಿ ಗಂಡನನ್ನು ನೋಡಿದಳು. ಗುರುಗಳು ಹಲಗೆ ಎತ್ತುವ ನೆಪದಲ್ಲಿ ಬಗ್ಗಿದರು. ಅವಳು ಒಂದು ಮಾತು ಆಡಿದರೆ ಸಾಕು, ನಾಳೆ ಬೆಳಗಾಗುವುದರೊಳಗೆ ಜಗಲಿಯ ಮೇಲೆ ಅವರ ಹೆಸರು ಹೇಳಿದರೆ ಜನ ನಗುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಷ್ಟು ವರ್ಷ ಅವಳು ಕೇಳಿಸಿಕೊಂಡದ್ದೆಲ್ಲ ಈಗ ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ ಎಂದು ಅವರಿಗೆ ಅನ್ನಿಸಿತು.

(ಇಲ್ಲಿ ನಾನು ತಡೆಯಲಾರದೆ ಅವಳ ಕಿವಿಯಲ್ಲಿ ಹೇಳಿದೆ: ಹೇಳಮ್ಮ, ಹೇಳಿಬಿಡು. ಇದಕ್ಕೇ ಇಷ್ಟು ದೂರ ಬರೆದುಕೊಂಡು ಬಂದಿದ್ದೇನೆ.)

ಅವಳು ಬೇಕರಿಯವನನ್ನು ಕೇಳಿದಳು. "ಇನ್ನು ಆ ಕೋಣೇಲಿ ರೈಲು ಇಡಲ್ಲ ಅಂತ ಬರೆದಿದಾರಾ? ಎಲ್ಲರಿಗೂ ಕಾಣೋ ಹಾಗೆ?"

"ಬರೆದಿದಾರೆ ಅಕ್ಕ."

"ಆಮೇಲೆ ಅದನ್ನ ಅಳಿಸೋಕೆ ಬರುತ್ತಾ?"

"ಅಳಿಸಿದ್ರೂ ಪ್ರಯೋಜನ ಇಲ್ಲ ಅಕ್ಕ. ಎಲ್ಲರೂ ಎತ್ತಿಟ್ಕೊಂಡಿದಾರೆ."

"ಹಾಗಾದ್ರೆ ನಿಜ ಕಣಪ್ಪ," ಎಂದಳು. "ದೊಡ್ಡ ಲೇಔಟು. ಕಳಚೋಕೇ ಇಡೀ ದಿನ ಹಿಡೀತು."

ಗುರುಗಳು ಉಸಿರು ಬಿಟ್ಟರು. ಉಸಿರು ಬಿಟ್ಟ ಮೇಲೆ ಅವರಿಗೆ ಅರ್ಥವಾಯಿತು. ಅವಳು ಉಳಿಸಿದ್ದು ತಮ್ಮ ಮಾನವನ್ನಲ್ಲ. ತಾವೇ ಕಟ್ಟಿದ ಸುಳ್ಳನ್ನು ಎತ್ತಿ ಆ ಕೋಣೆಗೆ ಅಗುಳಿ ಮಾಡಿ ಹಾಕಿದಳು. ಇನ್ನು ಆ ಮಂಚವನ್ನು ಒಂದಂಗುಲ ಸರಿಸಿದರೂ ಲೋಕ ಕೇಳುತ್ತದೆ. ಅವಳು ಚಹಾ ತರುತ್ತೇನೆ ಎಂದು ಒಳಗೆ ಹೋದಳು.

ಕೊನೆ, ಮೊದಲನೆಯದು

ಬೇಕರಿಯವನಿಗೆ ಸತ್ಯ ತಿಳಿಯುತ್ತದೆ. ಹಲಗೆಯನ್ನು ಗುರುಗಳ ತಲೆಗೆ ಅಪ್ಪಳಿಸುತ್ತಾನೆ. (ನನಗೆ ತುಂಬಾ ಇಷ್ಟವಾದ ಕೊನೆ. ಆದರೆ ಹೇಳುವವರು ಯಾರು? ಹೆಂಡತಿ ಹೇಳುವುದಿಲ್ಲ. ನಾನೇ ಹೇಳೋಣವೆಂದರೆ ಬೇಕರಿಯವನು ಕತೆ ಓದುವ ಪೈಕಿ ಅಲ್ಲ.)

ಕೊನೆ, ಎರಡನೆಯದು

ಗುರುಗಳಿಗೆ ಪಶ್ಚಾತ್ತಾಪವಾಗುತ್ತದೆ. ಅತ್ತೆಯ ಕಾಲು ಹಿಡಿಯುತ್ತಾರೆ. (ಆಪರೇಷನ್ನಾದ ಕಾಲು. ನೋವಾಗುತ್ತದೆ.)

ಕೊನೆ, ಮೂರನೆಯದು

ಬೇಕರಿಯವನು ಹಲಗೆಯನ್ನು ಅತ್ತೆಯ ಕೋಣೆಗೆ ತಂದು ಮಂಚದ ಪಕ್ಕದಲ್ಲಿಡುತ್ತಾನೆ. ನೀಲಿ ಆಕಾಶದ ಕೆಳಗೆ ರೈಲು ಓಡುತ್ತದೆ. ಅತ್ತೆ ಮಗುವಿನ ಹಾಗೆ ಕೈತಟ್ಟಿ ನಗುತ್ತಾರೆ, ಗುರುಗಳ ಕಣ್ಣು ತೇವವಾಗುತ್ತದೆ, ಓದುಗರದೂ. ಇದನ್ನು ಪೂರ್ತಿ ಬರೆದು, ಅಲ್ಪವಿರಾಮಗಳನ್ನೂ ತಿದ್ದಿ ಇಟ್ಟಿದ್ದೆ. ಹೆಂಡತಿ ಚಹಾದ ತಟ್ಟೆ ಹಿಡಿದು ಬಂದವಳು ಬಗ್ಗಿ ಓದಿದಳು.

"ಆ ಕೋಣೆ ಅಮ್ಮಂಗೆ ಸಿಕ್ಕಿ ಇನ್ನೂ ಒಂದು ದಿನ ಆಗಿಲ್ಲ," ಎಂದಳು. "ಅಷ್ಟರಲ್ಲಿ ನೀವೂ ರೈಲು ತಂದ್ರಾ?"

ಅದು ಹಾಗಲ್ಲ, ಕತೆ ಎಂದಮೇಲೆ ಒಂದು ಮುಕ್ತಾಯ, ರೈಲು ಎಂದಮೇಲೆ ಒಂದು ಓಟ ಎಂದೇನೋ ತೊದಲಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಒಂದೇ ಕತೇನ ಎಷ್ಟು ಸಲ ಶುರು ಮಾಡಿದ್ರಿ, ಎಷ್ಟು ಸಲ ಮುಗಿಸಿದ್ರಿ, ನಮ್ಮನೇಲಿ ಇಂಥೋರು ಒಬ್ಬರಿದಾರೆ ಸಾಕು ಎಂದು, ನನ್ನ ಪಾಲಿನ ಚಹಾ ಕೊಡದೆ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ನನಗೆ ಸಿಟ್ಟು ಬಂತು. ಗುರುಗಳನ್ನು ಇಷ್ಟು ಹೊತ್ತು ಆಡಿಕೊಂಡ ನನಗೂ ಗುರುಗಳಿಗೂ ಹೋಲಿಕೆಯೇ? ನನ್ನ ಹತ್ತಿರ ಕನಿಷ್ಠ ಮೂರು ಕೊನೆಗಳಿವೆ.

ಹಾಲಿನಲ್ಲಿ

ಈಗ ನಾವು ಹೊರಗಿದ್ದೇವೆ. ನಾನು, ಗುರುಗಳು, ಬೇಕರಿಯವನು. ಹಲಗೆಯನ್ನು ಊಟದ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕರಿಯವನು ಹಳಿಯನ್ನು ನೀಟಾಗಿ ಕೂರಿಸಿದ್ದಾನೆ, ಬ್ರೆಡ್ಡಿನ ಟ್ರೇಗೆ ಬೆಣ್ಣೆ ಸವರುವವನ ಕೈ. ತುದಿಯಲ್ಲಿ ಕುಣಿಕೆ. ಸ್ವಿಚ್ಚು ಹಾಕಿದ. ಟಿಕ್ ಎಂದು ಕೆಂಪು ದೀಪ ಹತ್ತಿ ಎಲ್ಲ ನಿಂತಿತು.

ಹೆಂಡತಿ ಬಾಗಿಲು ಅರ್ಧ ತೆರೆದು, ತುಟಿಯ ಮೇಲೆ ಬೆರಳಿಟ್ಟು, ಅಮ್ಮನಿಗೆ ಈಗಷ್ಟೇ ಕಣ್ಣು ಹತ್ತಿದೆ ಎಂದು ಸನ್ನೆ ಮಾಡಿದಳು. ಆಸ್ಪತ್ರೆ ಸೇರಿದ ದಿನದಿಂದ ಅವರಿಗೆ ನಿದ್ದೆಯಿಲ್ಲ. ಅದಕ್ಕೂ ಮುಂಚೆ ಹಾಲಿನ ದೀಪದಲ್ಲಿ, ಅಳಿಯಂದಿರ ಕೀಬೋರ್ಡಿನ ಸದ್ದಿನಲ್ಲಿ ಬಂದ ನಿದ್ದೆಯನ್ನು ನಿದ್ದೆ ಎನ್ನುವುದಾದರೆ ಅನ್ನಬಹುದು. ಬಾಗಿಲು ಮುಚ್ಚಿತು.

"ಎಲ್ಲಿ ತಪ್ಪಾಗಿದೆ ಗುರುಗಳೇ?" ಎಂದು ಬೇಕರಿಯವನು ಪಿಸುಗುಟ್ಟಿದ. ಕೈಯಲ್ಲಿ ಸಣ್ಣ ಗರಗಸ ಹಿಡಿದಿದ್ದ. ಎಲ್ಲಾದರೂ ಕತ್ತರಿಸಬೇಕು ಎಂದು ಯಾವನೋ ಹೇಳಿದ್ದನಂತೆ, ಗುರುಗಳು ಹೇಳದೆ ಮುಟ್ಟುವುದಿಲ್ಲ ಎಂದು ಹಾಗೇ ತಂದಿದ್ದ.

ಗುರುಗಳು ಹಳಿಯನ್ನು ನೋಡಿದರು. ಈ ಚಿತ್ರ ಎಷ್ಟು ಪುಸ್ತಕಗಳಲ್ಲಿ ನೋಡಿಲ್ಲ. ಬಾಣದ ಗುರುತು, ಚುಕ್ಕೆಯ ಗೆರೆ, ದಪ್ಪಕ್ಷರ. ಆದರೆ ಎದುರಿಗೆ ಇರುವ ಹಳಿಗೆ ಬಾಣವಿಲ್ಲ, ಚುಕ್ಕೆಯಿಲ್ಲ. ತಣ್ಣಗೆ, ಬೆಳ್ಳಗೆ, ಸುತ್ತಿಕೊಂಡು ಬಿದ್ದಿದೆ. ಇಲ್ಲಿಯೋ, ಅಲ್ಲಿಯೋ? ಇಷ್ಟು ವರ್ಷ ಅಂಗಡಿಯಲ್ಲಿ ಊರ ಜನರನ್ನು ಕೇಳಿದ ಪ್ರಶ್ನೆ ಈಗ ಅವರ ಎದೆಯ ಮೇಲೇ ಬಂದು ಕೂತಿತು. ಅಂಗೈ ಬೆವರಿತು. ಉದ್ದ ಉತ್ತರ ಬರೆಯಲು ಕೀಬೋರ್ಡು ಇರಲಿಲ್ಲ. ಶಿಷ್ಯನ ಮೈದಾ ಹತ್ತಿದ ಮುಖ ಇತ್ತು, ಪೂರ್ತಿ ನಂಬಿದ ಮುಖ. ಆ ಮುಖವನ್ನು ನೋಡಿ ಅವರಿಗೆ ಮೊದಲ ಸಲ ನಾಚಿಕೆಯಾಯಿತು. ನಾನು ಸೇರಿಸಿದ್ದಲ್ಲ, ಅವರಿಗೇ ಆಯಿತು.

"ನಂಗೊತ್ತಿಲ್ಲ," ಎಂದರು ಗುರುಗಳು. "ನಾನು ಇವತ್ತಿನ ತನಕ ಒಂದು ಹಳೀನೂ ಹಾಕಿದವನಲ್ಲ."

ಪಿಸುಮಾತಿನಲ್ಲಿ ಹೇಳಿದರು. ಎಷ್ಟು ಮೆಲ್ಲಗೆ ಎಂದರೆ ಬೇಕರಿಯವನಿಗೆ ಕೇಳಿಸಲಿಲ್ಲ. ಅವನು ಕಿವಿಯನ್ನು ಹತ್ತಿರ ತಂದು, ಸ್ವಲ್ಪ ಜೋರಾಗಿ ಹೇಳಿ ಗುರುಗಳೇ ಎಂದ. ಗುರುಗಳು ಮುಚ್ಚಿದ ಬಾಗಿಲ ಕಡೆ ನೋಡಿದರು. ಜೋರಾಗಿ ಹೇಳುವ ಹಾಗಿಲ್ಲ. ಶಿಷ್ಯನ ಕಿವಿಯ ಕಡೆ ಬಗ್ಗಿದರು, ಬೆರಳು ಹಳಿಯ ಮೇಲೆ ಬಂತು.

ಅದೇ ಮಾತನ್ನು ಅವರು ಇನ್ನೊಂದು ಸಲ ಹೇಳಿದರೋ, ಅಥವಾ ಬೆರಳು ಬಿದ್ದ ಜಾಗವನ್ನೇ ಇಲ್ಲಿ ಕತ್ತರಿಸು ಎಂದು ತೋರಿಸಿ ಮತ್ತೆ ಗುರುಗಳಾದರೋ? ಎರಡೂ ಬರೆದಿಟ್ಟಿದ್ದೇನೆ, ಎರಡನ್ನೂ ಕೊಡುವುದಿಲ್ಲ. ಕೊನೆಗೆ ರೈಲು ಓಡಿತೋ ಇಲ್ಲವೋ ಅಷ್ಟಾದರೂ ಹೇಳು ಎಂದು ನೀವು ಗಂಟು ಬೀಳುತ್ತೀರಿ, ಗೊತ್ತು. ಓಡಿದರೆ ಸದ್ದಾಗುತ್ತದೆ. ಆ ಚಕ್ರಗಳು ಚಿಕ್ಕವಾದರೂ ಸದ್ದು ಚಿಕ್ಕದಲ್ಲ, ಮೇಜಿನ ಮರಕ್ಕೆ ಇಳಿದು ಮನೆಯೆಲ್ಲ ಗುಡುಗುತ್ತದೆ. ಒಳಗೆ ಒಬ್ಬ ಮುದುಕಿ ಬಾಗಿಲು ಹಾಕಿಕೊಂಡು ಮಲಗಿದ್ದಾರೆ. ಏಳುವ ತನಕ ನಾನು ಒಂದು ಅಕ್ಷರವನ್ನೂ ಮುಂದಕ್ಕೆ ಓಡಿಸುವುದಿಲ್ಲ. ನೀವೂ ಪುಟ ತಿರುವುವಾಗ ಸ್ವಲ್ಪ ಮೆಲ್ಲಗೆ.